ಸುಗಂಧಿಯವರ ತಾಯಿಯ ಬರಿ

೧೯೮೩ರ ಫೆಬ್ರವರಿಯ ಒಂದು ಭಾನುವಾರ ಉಡುಪಿಯಿಂದ ನಾಲ್ಕು ಮಂದಿ ಮಣಿಪಾಲದ ಒಂದು ಬಾಡಿಗೆ ಮನೆಗೆ ಮದುವೆಯ ಮಾತುಕತೆಗೆ ಬಂದರು. ಹುಡುಗಿ ವಾರಿಜಾ ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುವ ಕೆಲಸದಲ್ಲಿದ್ದಳು. ಆಗ ಇಪ್ಪತ್ತನಾಲ್ಕು ವರ್ಷ. ಹುಡುಗ ಸರ್ವೋತ್ತಮ ಸಹಕಾರಿ ಸಂಘವೊಂದರ ಗುಮಾಸ್ತ. ಇಬ್ಬರೂ ಒಂದೇ ಬಸ್ಸಿನಲ್ಲಿ ಎರಡು ವರ್ಷ ಓಡಾಡಿದವರು. ಹೆಣ್ಣು ನೋಡುವ ಶಾಸ್ತ್ರ ಬೇಡವೆಂದು ಹುಡುಗನ ತಾಯಿ ಬೇಬಿ ಮೊದಲೇ ಹೇಳಿ ಕಳಿಸಿದ್ದರು. ದಿನ ಗೊತ್ತು ಮಾಡುವುದಷ್ಟೇ ಬಾಕಿ ಎಂದು ಎಲ್ಲರೂ ತಿಳಿದಿದ್ದರು.

ಕಾಫಿ ಮುಗಿದ ಮೇಲೆ ಬೇಬಿಯವರ ಅಣ್ಣ ಚಂದು ಪೂಜಾರಿ ಬರಿ ಕೇಳಿದರು. ಬರಿ ಎಂದರೆ ಗೋತ್ರದ ಹಾಗೆ ಕುಲದ ಹೆಸರು, ತಾಯಿಯಿಂದ ಮಕ್ಕಳಿಗೆ ಬರುವುದು. ಒಂದೇ ಬರಿಯವರು ಎಷ್ಟು ದೂರದವರಾದರೂ ಅಣ್ಣ ತಂಗಿ, ಅಕ್ಕ ತಮ್ಮ. ಅವರೊಳಗೆ ಮದುವೆ ಇಲ್ಲ. ತಂದೆಯ ಬರಿ ಯಾವುದಾದರೂ ಮಕ್ಕಳಿಗೆ ಅದು ಲೆಕ್ಕಕ್ಕಿಲ್ಲ.

“ಕರ್ಕೇರ,” ಎಂದರು ವಾರಿಜಾಳ ತಾಯಿ ಸುಗಂಧಿ.

“ನಮ್ಮದು ಸಾಲ್ಯಾನ್. ತೊಂದರೆ ಇಲ್ಲ. ನಿಮ್ಮ ಅಪ್ಪ ಯಾರು ಹೇಳಿದ್ರಿ?”

“ಶೀನ ಪೂಜಾರಿ. ಕಾರ್ಕಳದಲ್ಲಿ ಕಲ್ಲು ಕೆಲಸದಲ್ಲಿದ್ದರು. ಮೂಲ ಕಾಪು.”

“ಕಾಪುವಿನಲ್ಲಿ ಕಳ್ಳು ಇಳಿಸುತ್ತಿದ್ದ ಶೀನನಾ? ಅವನ ಅಕ್ಕನನ್ನು ನಮ್ಮ ದೊಡ್ಡಪ್ಪನ ಮಗನಿಗೆ ಕೊಟ್ಟದ್ದು ಮಾರಾಯ್ರೆ! ಅವರು ಕರ್ಕೇರ.” ಚಂದು ಪೂಜಾರಿ ಲೋಟ ಕೆಳಗಿಟ್ಟರು. “ಹಾಗಾದರೆ ನಿಮ್ಮ ಅಪ್ಪನೂ ಕರ್ಕೇರ, ಅಮ್ಮನೂ ಕರ್ಕೇರ. ಅದು ಹೇಗೆ ಆಗುತ್ತದೆ?”

“ಅಣ್ಣನಿಗೆ ಎಲ್ಲಿ ಹೋದರೂ ಒಂದು ಕೋರ್ಟು ಬೇಕು,” ಎಂದು ಬೇಬಿ ನಗಿಸಲು ನೋಡಿದರು. ಯಾರೂ ನಗಲಿಲ್ಲ. ತಾಯಿಯ ಬರಿ ಸರಿಯಾಗಿ ತಿಳಿದು ಹೇಳಿ, ಯುಗಾದಿ ಕಳೆದ ಮೇಲೆ ದಿನ ನೋಡೋಣ ಎಂದು ಹೇಳಿ ಅವರು ಎದ್ದರು.

ಸುಗಂಧಿಯವರಿಗೆ ಆಗ ಐವತ್ತೊಂದು ವರ್ಷ. ತಾಯಿಯ ಮುಖ ನೆನಪಿಲ್ಲ. ತಾಯಿ ತೀರಿದಾಗ ತನಗೆ ಮೂರು ವರ್ಷ ಎಂದು ತಂದೆ ಹೇಳಿದ್ದು ಗೊತ್ತು. ಹೆಸರು ಅಕ್ಕು ಎಂಬುದು ಗೊತ್ತು. ಬೇರೆ ಏನು ಕೇಳಿದರೂ ಶೀನ ಪೂಜಾರಿ ಬೀಡಿ ಹಚ್ಚಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದರಂತೆ. ಬರಿ ಕೇಳಿದಾಗ ಮಾತ್ರ ಒಂದೇ ಮಾತು: ಕರ್ಕೇರ.

ಸುಗಂಧಿಯವರ ಬಾಲ್ಯ ಕಾರ್ಕಳದ ಕಲ್ಲುಕೋರೆಯ ಬದಿಯ ಜೋಪಡಿಯಲ್ಲಿ ಕಳೆಯಿತು. ನಾಲ್ಕನೇ ತರಗತಿಯವರೆಗೆ ಶಾಲೆ. ಹನ್ನೆರಡಕ್ಕೆ ಜಲ್ಲಿ ಹೊರುವ ಬುಟ್ಟಿ ತಲೆಗೆ ಬಂತು. ೧೯೫೪ರಲ್ಲಿ ಮದುವೆ, ಗಂಡ ಬಾಬು ಕೋಟ್ಯಾನ್ ಎತ್ತಿನ ಗಾಡಿ ಹೊಡೆಯುತ್ತಿದ್ದರು. ಐದು ವರ್ಷದ ಮೇಲೆ ವಾರಿಜಾ ಹುಟ್ಟಿದಳು. ಮಗಳಿಗೆ ಏಳಾದಾಗ ಬಾಬು ಜ್ವರದಲ್ಲಿ ತೀರಿಕೊಂಡರು. ಮರುವರ್ಷ ಸುಗಂಧಿ ಮಗಳ ಕೈ ಹಿಡಿದು ಮಣಿಪಾಲಕ್ಕೆ ಬಂದು ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದರು. ಹೆರಿಗೆ ವಾರ್ಡಿನಲ್ಲಿ ಕೂಸಿಗೆ ಮೊದಲ ಸ್ನಾನ ಮಾಡಿಸಿ, ತಾಯಿಯ ಹೆಸರಿನ ಪಟ್ಟಿಯನ್ನು ಕೈಗೆ ಕಟ್ಟುವುದು ಅವರ ಕೆಲಸದಲ್ಲಿ ಒಂದು. ಶೀನ ಪೂಜಾರಿ ಕೊನೆಯ ಎರಡು ವರ್ಷ ಮಗಳ ಜೊತೆಗೇ ಇದ್ದು ೧೯೭೧ರಲ್ಲಿ ತೀರಿಕೊಂಡರು. ಕೇಳಬಹುದಾಗಿದ್ದ ಒಬ್ಬರೂ ಅಲ್ಲಿಗೆ ಮುಗಿದರು.

ಮಾತುಕತೆಯ ಮರುವಾರ ಸುಗಂಧಿ ರಜೆ ಹಾಕಿ ಕಾರ್ಕಳದ ಬಸ್ಸು ಹತ್ತಿದರು. ಓದಿದ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ಉಳಿದಿತ್ತು. ಹೆಡ್‌ಮಾಸ್ತರರು ಧೂಳು ಒರೆಸಿ ೧೯೩೮ರ ಪುಟ ತೆರೆದರು. ಹೆಸರು, ತಂದೆಯ ಹೆಸರು, ಕಸುಬು, ಊರು. ಊರಿನ ಕಡೆ ಕಾಪು ಎಂದಿತ್ತು. ಸುಗಂಧಿಯ ಹೆಸರಿನ ಮುಂದೆ ಕರ್ಕೇರ ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ತಾಯಿಯ ಹೆಸರಿಗೆ ಆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಅಲ್ಲಿಂದ ಕಾಪುವಿಗೆ ಹೋದರೆ, ಶೀನ ಪೂಜಾರಿಯವರ ಅಕ್ಕನ ಮನೆಯವರು ಮುಂಬಯಿಗೆ ಹೋಗಿ ಮೂವತ್ತು ವರ್ಷವಾಗಿತ್ತು. ಶೀನ ಇದ್ದ ಗುಡಿಸಲಿನ ಜಾಗ ತೋರಿಸಿದವರು, ಹಳೆಯ ವಿಷಯ ಬೇಕಾದರೆ ಡುಲ್ಸಿನ್ ಬಾಯಿಯನ್ನು ಕೇಳಿ ಎಂದರು. ತೆಂಗಿನ ತೋಟದ ಆಚೆ ಬದಿಯ ಮನೆ. ಎಂಬತ್ತು ದಾಟಿದ ಕ್ರೈಸ್ತ ಮುದುಕಿ. ಜಗಲಿಯಲ್ಲಿ ಕುಳಿತು ಒಣ ಮೆಣಸಿನ ತೊಟ್ಟು ತೆಗೆಯುತ್ತಿದ್ದರು.

“ಬಾಯಮ್ಮಾ, ಇಲ್ಲಿ ಶೀನ ಅಂತ ಇದ್ದರು. ಅವರ ಹೆಂಡತಿ ಅಕ್ಕು...”

“ಅಕ್ಕು ಸತ್ತು ಎಷ್ಟು ವರ್ಷ ಆಯಿತು! ನೀನು ಯಾರು ಕೇಳಲಿಕ್ಕೆ?”

“ನಾನು ಅವರ ಮಗಳು.”

ಡುಲ್ಸಿನ್ ಬಾಯಿ ಕೈಯ ಮೆಣಸು ಕೆಳಗಿಟ್ಟರು. “ಓ ದೇವಾ. ಕದ್ದುಕೊಂಡು ಹೋದ ಕೂಸು ನೀನೇಯಾ?”

ಆ ಮಾತು ಅರ್ಥವಾಗಲು ಸುಗಂಧಿಯವರಿಗೆ ಆ ಮಧ್ಯಾಹ್ನ ಪೂರ್ತಿ ಬೇಕಾಯಿತು. ಅಕ್ಕುವಿನ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಆಕೆಯ ತಾಯಿ ಮನೆಯವರು ಏಳೆಂಟು ಜನ ನಂದಿಕೂರಿನಿಂದ ಬಂದಿದ್ದರು. ಗಲಾಟೆ ಕೇಳಿ ಡುಲ್ಸಿನ್ ಬಾಯಿ ಬೇಲಿಯ ಹತ್ತಿರ ನಿಂತಿದ್ದರು. ಮಗು ಬೇಕು ಎಂಬುದು ಅವರ ಮಾತು. ಶೀನ ಮೊದಲು ಬೈದ, ಆಮೇಲೆ ಸುಮ್ಮನಾದ, ಕೊನೆಗೆ ನಾಳೆ ಕಳಿಸುತ್ತೇನೆ ಎಂದ. ಮಾರನೆಯ ಬೆಳಿಗ್ಗೆ ಡುಲ್ಸಿನ್ ಬಾಯಿ ಗಂಜಿ ತೆಗೆದುಕೊಂಡು ಹೋದರೆ ಗುಡಿಸಲು ಖಾಲಿ.

“ನಾನು ಗಂಜಿ ಹಿಡಿದುಕೊಂಡು ಬೆಪ್ಪಿಯ ಹಾಗೆ ನಿಂತಿದ್ದೆ. ಕಡೆಗೆ ನಾಯಿಗೆ ಹಾಕಿದೆ,” ಎಂದರು. ಬರಿ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. “ನಮ್ಮಲ್ಲಿ ಅದೆಲ್ಲ ಇಲ್ಲ ಮಗಾ. ನಂದಿಕೂರಿಗೆ ಹೋಗು. ಅಕ್ಕುವಿಗೆ ದೂಮ ಅಂತ ಒಬ್ಬ ತಮ್ಮ ಇದ್ದ. ಅವನೇ ಹೆಚ್ಚು ಬೊಬ್ಬೆ ಹಾಕಿದ್ದು.”

ನಂದಿಕೂರಿಗೆ ಹೋಗಲು ಸುಗಂಧಿ ಎರಡು ವಾರ ತಡ ಮಾಡಿದರು. ಅವರೊಳಗೆ ಇನ್ನೊಂದು ಭಯ ಕುಳಿತಿತ್ತು. ತಾಯಿಯ ಬರಿಯೂ ಗಂಡನದೇ, ಕೋಟ್ಯಾನ್ ಆಗಿದ್ದರೆ? ಹನ್ನೆರಡು ವರ್ಷ ಸಂಸಾರ ಮಾಡಿದ ಗಂಡ ಅಣ್ಣನಾಗುತ್ತಿದ್ದ. ಇದನ್ನು ಅವರು ಯಾರಿಗೂ ಹೇಳಲಿಲ್ಲ. ವಾರಿಜಾ ದಿನಾ ಸಂಜೆ, “ಎಂತ ಆಯಿತು?” ಎಂದು ಕೇಳುತ್ತಿದ್ದಳು. ಹುಡುಕುತ್ತಾ ಇದ್ದೇನೆ ಎಂಬಷ್ಟೇ ಉತ್ತರ.

ದೂಮ ಪೂಜಾರಿ ಬದುಕಿದ್ದರು. ಎಪ್ಪತ್ತನಾಲ್ಕು ವರ್ಷ, ಕಣ್ಣು ಮಂಜು, ಕಿವಿ ಚುರುಕು. ಹೆಂಡತಿ ಇಲ್ಲ, ಅವರ ಮಕ್ಕಳು ತಾಯಿಯ ಕಡೆಗೆ ಸೇರಿದವರು, ಬೇರೆ ಊರಿನಲ್ಲಿದ್ದರು. ಮನೆಯ ಹೆಣ್ಣುಮಕ್ಕಳಲ್ಲಿ ಮಕ್ಕಳಾದವಳು ಅಕ್ಕು ಒಬ್ಬಳೇ. ಹೀಗಾಗಿ ಐವತ್ತು ವರ್ಷದ ಹಿಂದೆ ಕಾಪುವಿನಿಂದ ಕಾಣೆಯಾದ ಕೂಸೇ ಆ ಮನೆಯ ಕೊನೆಯ ಸಂತಾನ.

ಬಂದವಳು ಯಾರೆಂದು ತಿಳಿದ ಮೇಲೆ ಅವರು ಅಳಲಿಲ್ಲ. ಕೈ ಚಾಚಿ ಸುಗಂಧಿಯ ತಲೆ, ಭುಜ ಮುಟ್ಟಿ ನೋಡಿದರು.

“ಉಡುಪಿ, ಮೂಲ್ಕಿ ಎಲ್ಲ ಹುಡುಕಿದೆವು. ಮುಂಬಯಿಗೆ ಕಾಗದ ಬರೆಸಿದೆವು. ಎಲ್ಲಿ ಅಡಗಿಸಿದ್ದ ನಿನ್ನನ್ನು?”

“ಕಾರ್ಕಳದಲ್ಲಿ. ಕಲ್ಲುಕೋರೆಯಲ್ಲಿ.”

“ಕಳ್ಳು ಇಳಿಸುವವನು ಕಲ್ಲು ಒಡೆಯಲಿಕ್ಕೆ ಹೋಗುತ್ತಾನೆ ಅಂತ ಯಾರು ಎಣಿಸುತ್ತಾರೆ? ಬುದ್ಧಿವಂತ ಮಾರಾಯ ಅವನು.” ಆಮೇಲೆ ಕೇಳಿದರು: “ಹೊಡೆಯುತ್ತಿದ್ದನಾ?”

“ಇಲ್ಲ. ಒಂದು ದಿನವೂ ಇಲ್ಲ.”

ಹುಡುಕಿ ಬರುವವರಿಗೆ ಗುರುತು ಸಿಗದಿರಲಿ ಎಂದೇ ಶೀನ ಪೂಜಾರಿ ಮಗಳಿಗೆ ತನ್ನ ಬರಿ ಹೇಳಿಕೊಟ್ಟಿದ್ದಿರಬೇಕು. ದೂಮ ಪೂಜಾರಿ ಹಾಗೆಯೇ ತಿಳಿದರು. ಅವರೇ ಹೇಳಿದರು, ಮನೆಯ ಬರಿ ಸಾಲ್ಯಾನ್ ಎಂದು.

ಕೋಟ್ಯಾನ್ ಅಲ್ಲ ಎಂಬ ಸಮಾಧಾನ ಒಂದು ಉಸಿರಿನಷ್ಟು ಹೊತ್ತು ಇತ್ತು. ಆಮೇಲೆ ಸುಗಂಧಿ ಬಂದ ಕಾರಣ ಹೇಳಿದರು. ಹುಡುಗನ ಬರಿಯೂ ಸಾಲ್ಯಾನ್.

ಆಗ ದೂಮ ಪೂಜಾರಿ ಹೇಳಿದ್ದನ್ನು ಸುಗಂಧಿ ಮೂರು ವರ್ಷದ ಮೇಲೂ ಅಕ್ಷರಶಃ ನೆನಪಿಟ್ಟಿದ್ದಾರೆ.

“ನೋಡು ಮಗಾ, ನನ್ನನ್ನು ಕೇಳಲಿಕ್ಕೆ ಯಾರೂ ಬರುವುದಿಲ್ಲ. ಬೇರೆ ಯಾವುದಾದರೂ ಬರಿ ಹೇಳು, ಮದುವೆ ಮಾಡು. ನಾನು ಬಾಯಿ ಬಿಡುವುದಿಲ್ಲ. ಆದರೆ ಮತ್ತೆ ನೀನು ಈ ಅಂಗಳಕ್ಕೆ ಬರಬಾರದು. ಬಂದರೆ ಊರಿಗೆ ತಿಳಿಯುತ್ತದೆ.”

“ನಿಜ ಹೇಳಿದರೆ?”

“ಹೇಳಿದರೆ ಈ ಮನೆ ನಿನ್ನದು. ಮಗಳದು. ಮದುವೆ ಇಲ್ಲ.”

ಸುಗಂಧಿ ಸಂಜೆಯ ಬಸ್ಸಿಗೆ ಹಿಂದಿರುಗಿದರು. ಮುಂದಿನ ಎಂಟು ದಿನ ಎಂದಿನಂತೆ ವಾರ್ಡಿನ ಕೆಲಸ ಮಾಡಿದರು. ಜೊತೆಯ ಆಯಾ ವೆರೊನಿಕಾ, “ನಿನಗೆ ಎಂತ ಆಗಿದೆ? ಎರಡು ಸಲ ಕರೆದರೂ ಕೇಳುವುದಿಲ್ಲ,” ಎಂದು ಗದರಿದ್ದು ನೆನಪುಂಟು. ಒಂಬತ್ತನೆಯ ದಿನ ಕೆಲಸ ಮುಗಿಸಿ, ಮನೆಗೆ ಹೋಗದೆ, ನೇರ ಉಡುಪಿಗೆ ಬೇಬಿಯವರ ಮನೆಗೆ ಹೋಗಿ ಹೇಳಿಬಿಟ್ಟರು.

ಬೇಬಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದರು. ಮುಖ ಸಣ್ಣದಾಯಿತು. ಆಮೇಲೆ ಒಳಗೆ ಹೋಗಿ ಚಾಪೆ ತಂದು ಹಾಸಿ, “ಕೂತುಕೊಳ್ಳಿ ಅಕ್ಕಾ,” ಎಂದರು. ಅದುವರೆಗೆ ಅವರು ಸುಗಂಧಿಯವರನ್ನು ವಾರಿಜಾಳ ಅಮ್ಮ ಎಂದೇ ಕರೆಯುತ್ತಿದ್ದರು. ಇಬ್ಬರೂ ಆ ಚಾಪೆಯ ಮೇಲೆ ಕುಳಿತು ಅತ್ತರು. ಸರ್ವೋತ್ತಮ ಇನ್ನೂ ಕೆಲಸದಿಂದ ಬಂದಿರಲಿಲ್ಲ.

ವಾರಿಜಾಳಿಗೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ, ಬಸ್‌ಸ್ಟ್ಯಾಂಡಿನಲ್ಲಿ, ಸರ್ವೋತ್ತಮನ ಬಾಯಿಂದ. ತಾಯಿ ಹಿಂದಿನ ಸಂಜೆ ಮನೆಗೆ ಬಂದು, ತಲೆನೋವು ಎಂದು ಹೇಳಿ ಮಲಗಿದ್ದರು. ವಾರಿಜಾ ಅಂದು ಕೆಲಸಕ್ಕೆ ಹೋಗದೆ ತಿರುಗಿ ಬಂದಳು.

“ಎಂಟು ದಿನ ಗೊತ್ತಿತ್ತು ನಿನಗೆ?”

“ಹ್ಞೂಂ.”

“ಉಡುಪಿಗೆ ಹೋಗಲಿಕ್ಕೆ ಆಯಿತು. ಈ ಕೋಣೆಯಿಂದ ಆ ಕೋಣೆಗೆ ಬರಲಿಕ್ಕೆ ಆಗಲಿಲ್ಲ ಅಲ್ವಾ?”

“ನೀನು ಬೇಡ ಅನ್ನುತ್ತೀ ಅಂತ ಹೆದರಿದೆ.”

“ಬೇಡ ಅನ್ನುತ್ತಿದ್ದೆನೋ, ಹೇಳು ಅನ್ನುತ್ತಿದ್ದೆನೋ. ಕೇಳಬೇಕಿತ್ತು. ಅಜ್ಜ ನಿನ್ನನ್ನು ಕೇಳಲಿಲ್ಲ. ನೀನು ನನ್ನನ್ನು ಕೇಳಲಿಲ್ಲ.”

ಅವಳು ಅಂದಿನಿಂದ ತಾಯಿಯ ಜೊತೆ ಮಾತು ಬಿಡಲಿಲ್ಲ. ಉಪ್ಪು ತರಬೇಕು, ಸೀಮೆಎಣ್ಣೆ ಮುಗಿದಿದೆ, ಇಂದು ಓವರ್‌ಟೈಮ್ ಉಂಟು ಎಂಬ ಮಾತುಗಳೆಲ್ಲ ಇದ್ದವು. ಬೇರೆ ಮಾತು ಇರಲಿಲ್ಲ.

ಮರುವರ್ಷ ಸರ್ವೋತ್ತಮನಿಗೆ ಬೇರೆ ಕಡೆಯಿಂದ ಹೆಣ್ಣು ತಂದರು. ಬೇಬಿ ತಾವೇ ಬಂದು ಕರೆದರು. ಸುಗಂಧಿ ಹೋದರು, ವಾರಿಜಾ ಹೋಗಲಿಲ್ಲ. ಹುಡುಗನ ತಾಯಿಗೆ ಅಕ್ಕನಾದವರು ಮೊದಲು ಸೇಸೆ ಹಾಕಬೇಕು ಎಂದು ಚಂದು ಪೂಜಾರಿ ಕರೆದು ನಿಲ್ಲಿಸಿದರು. ಅಳಿಯನಾಗಬೇಕಿದ್ದವನ ತಲೆಯ ಮೇಲೆ ಸುಗಂಧಿ ಅಕ್ಕಿ ಹಾಕಿದರು. ಅವನು ಬಗ್ಗಿ ಕಾಲು ಮುಟ್ಟಿದ. ಆಮೇಲೆ ಊಟ ಮಾಡಿದ್ದು ಅವರಿಗೆ ನೆನಪಿಲ್ಲ.

೧೯೮೫ರ ಮಳೆಗಾಲದ ಕೊನೆಗೆ ದೂಮ ಪೂಜಾರಿ ತೀರಿಕೊಂಡರು. ಸುಗಂಧಿ ಜೀವನದಲ್ಲಿ ಮೊದಲ ಸಲ ತಾಯಿ ಕಡೆಯ ಸೂತಕ ಹಿಡಿದರು. ಆಸ್ಪತ್ರೆಯ ರಜೆ ಅರ್ಜಿಯಲ್ಲಿ ಸಂಬಂಧ ಏನೆಂದು ಬರೆಯಬೇಕಿತ್ತು. ಬರೆದುಕೊಟ್ಟವರು ವೆರೊನಿಕಾ. ಸೋದರಮಾವ ಎಂದು ಬರೆಸುವಾಗ ಸುಗಂಧಿ ಎರಡು ಸಲ ಓದಿಸಿಕೊಂಡರಂತೆ. ಬೊಜ್ಜಕ್ಕೆ ವಾರಿಜಾ ಕರೆಯದೆಯೇ ಬಂದಳು. ಬೆಳಗಿನಿಂದ ತರಕಾರಿ ಹೆಚ್ಚಿದಳು, ಬಡಿಸಿದಳು, ಎಲೆ ತೆಗೆದಳು.

ಮಗಳ ಮದುವೆಗಿಂತ ತನಗೊಂದು ಮನೆ ಸಿಗುವುದು ದೊಡ್ಡದಾಯಿತೇ ಎಂದು ಕೇಳಿದರೆ ಸುಗಂಧಿ ಮುಚ್ಚಿಡುವುದಿಲ್ಲ. “ಅಣ್ಣ ತಂಗಿಗೆ ಮದುವೆ ಮಾಡಬಾರದು ಅಂತ ಹೇಳಿದೆ ಎಂದು ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಆ ಎಂಟು ದಿನ ಮಾವನ ಅಂಗಳವೇ ಕಣ್ಣಿಗೆ ಕಟ್ಟುತ್ತಿತ್ತು. ಅದೂ ಸುಳ್ಳಲ್ಲ.”

ಈ ವರ್ಷ, ೧೯೮೬ರ ಏಪ್ರಿಲ್‌ನಲ್ಲಿ, ಪರಿಚಯದ ಹೆಂಗಸೊಬ್ಬರು ಕಾರ್ಕಳದ ಕಡೆಯ ಒಂದು ಸಂಬಂಧ ಹಿಡಿದುಕೊಂಡು ಮಣಿಪಾಲದ ಮನೆಗೆ ಬಂದರು. ಹುಡುಗನ ಬರಿ ಅಮೀನ್, ಮಸ್ಕತ್‌ನಲ್ಲಿ ಕೆಲಸ, ತಾಯಿ ಒಳ್ಳೆಯವರು ಎಂದು ಹೇಳುತ್ತಾ ಹೋದರು. ಸುಗಂಧಿ ಕೇಳುತ್ತಾ ಕುಳಿತರು. ಒಮ್ಮೆಯೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

“ಎಂತ ಸುಗಂಧಕ್ಕ, ಬಾಯಿಗೆ ಬೀಗ ಹಾಕಿದ್ದೀರಾ?”

“ಅವಳು ಬರಲಿ.”

ಐದೂವರೆಗೆ ವಾರಿಜಾ ಬಂದಳು. ಕಾಲು ತೊಳೆದು ಒಳಗೆ ಬಂದವಳಿಗೆ ಸುಗಂಧಿ ಹೇಳಿದರು: “ಮಗಾ, ಇವರು ಒಂದು ಸಂಬಂಧದ ವಿಷಯ ತಂದಿದ್ದಾರೆ. ನಾನು ಏನೂ ಹೇಳಿಲ್ಲ. ಕೇಳುತ್ತೀಯಾ, ಬೇಡವಾ?”

ವಾರಿಜಾ ಕೈಚೀಲ ಮೊಳೆಗೆ ತೂಗುಹಾಕಿದಳು. ತಾಯಿಯ ಮುಖ ನೋಡಿದಳು.

“ಇವತ್ತು ಬೇಡ,” ಎಂದಳು. ಆಮೇಲೆ ಬಂದ ಹೆಂಗಸಿನ ಕಡೆ ತಿರುಗಿ, “ಚಾ ಕುಡಿದು ಹೋಗಿ. ಅಮ್ಮ, ನೀನೂ ಕುಡಿಯಲಿಲ್ಲ ಅಲ್ವಾ?” ಎಂದು ಒಲೆಯ ಕಡೆ ಹೋದಳು.