ಮೀನಿನ ವಾಸನೆಯ ಹಲಗೆ

ಕೆಸಾ ಪುಕ್ಕಲಿ. ಸತ್ಸುಮಾ ಸೀಮೆಯ ಆ ಕಡಲಂಚಿನ ಹಳ್ಳಿಯಲ್ಲಿ ಧೈರ್ಯಸ್ಥರೇನೂ ತುಂಬಿ ತುಳುಕುತ್ತಿರಲಿಲ್ಲ. ಆದರೂ ಅವಳ ಭಯಕ್ಕೆ ಬೇರೆಯೇ ಬೇರಿತ್ತು. ಸೀಮೆಯ ದೊರೆ ನಿಷೇಧಿಸಿದ್ದ ಅಮಿದಾ ಬುದ್ಧನ ಹೆಸರು ಹೇಳಿದನೆಂದು ಅವಳ ಅಪ್ಪನನ್ನು ಹಿಡಿದೊಯ್ದು, ಏಣುಗಳಿದ್ದ ಮರದ ದಿಮ್ಮಿಗಳ ಮೇಲೆ ಮಂಡಿಯೂರಿಸಿ, ತೊಡೆಯ ಮೇಲೆ ಕಲ್ಲುಚಪ್ಪಡಿ ಹೇರಿದ್ದರು. ಅಪ್ಪ ಯಾರ ಹೆಸರನ್ನೂ ಬಾಯಿಬಿಡಲಿಲ್ಲ. ಮನೆಗೂ ಮರಳಲಿಲ್ಲ.

ದೊರೆಗೆ ಬುದ್ಧನ ಮೇಲೆ ಹಗೆಯೇನಿರಲಿಲ್ಲ. ಅವನ ವಂಶದ ಮಠಕ್ಕೆ ಗದ್ದೆಗಳಿದ್ದವು. ಅಲ್ಲಿನ ಭಿಕ್ಷುಗಳು ಅವನ ಗೆಲುವಿಗಾಗಿ ಮಂತ್ರ ಓದುತ್ತಿದ್ದರು. ಅವನು ಅಂಜುತ್ತಿದ್ದುದು ಅಮಿದಾನಿಗೆ. ಹೆಸರು ಹೇಳಿದರೆ ಸಾಕು, ಒಡೆಯನೂ ಆಳೂ ಒಂದೇ ಪುಣ್ಯಲೋಕಕ್ಕೆ ಎಂದು ನಂಬಿದ ಜನ ಬೇರೆ ಸೀಮೆಗಳಲ್ಲಿ ಒಟ್ಟಾಗಿ ಎದ್ದು ಕೋಟೆಗಳನ್ನೇ ಅಲುಗಾಡಿಸಿದ್ದರು.

ಮದುವೆಯಾಗಿ ಬಂದಾಗ ಅತ್ತೆ ತೊಮೆ ಸೊಸೆಗೆ ಮೊದಲು ತೋರಿಸಿದ್ದು ತರಕಾರಿ ಹೆಚ್ಚುವ ದಪ್ಪ ಹಲಗೆಯನ್ನು. ಬದಿಯ ಬೆಣೆ ಎಳೆದರೆ ಅದು ಎರಡು ಹೋಳಾಗುತ್ತಿತ್ತು. ಒಳಗೆ ಅಮಿದಾನ ಚಿತ್ರ. ಇಡೀ ಹಳ್ಳಿಗೆ ಅದೇ ದೇವರಮನೆ.

"ಮೂಲಂಗಿ ಹೆಚ್ಚು, ಗೆಣಸು ಹೆಚ್ಚು. ಮೀನು ಮಾತ್ರ ಮುಟ್ಟಿಸ್ಬೇಡ ಕಣೇ," ಎಂದಿದ್ದಳು ತೊಮೆ.

ಕೆಸಾ ಮುಟ್ಟಿಸಲಿಲ್ಲ. ಮೀನನ್ನು ಹಿತ್ತಲಿನ ಕಲ್ಲಿನ ಮೇಲೆ ಕುಯ್ಯುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಅದನ್ನು ಭಕ್ತಿ ಎಂದುಕೊಂಡಿದ್ದರು. ಭಕ್ತಿಯೇ ಕುತ್ತಿಗೆಗೆ ಬರುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಬೆಳಗ್ಗೆ ತಪಾಸಣೆಯ ಸಮುರಾಯ್ ಬಂದ. ಯಾರು ಯಾವ ಪಂಥವೆಂದು ಬರೆದ ಮರದ ಬಿಲ್ಲೆಗಳನ್ನು ನೋಡಿದ. ಅಟ್ಟ ನೋಡಿದ, ಅಕ್ಕಿಯ ಗುಡಾಣಕ್ಕೆ ಕೈ ಹಾಕಿದ. ಕೊನೆಗೆ ಹಲಗೆ ಎತ್ತಿ ಮೂಸಿದ.

"ಕಡಲ ದಂಡೇಲಿ ಮನೆ. ಹಲಗೆಗೆ ಮೀನಿನ ವಾಸ್ನೇನೇ ಇಲ್ವಲ್ಲ?" ಎಂದ. ಜೊತೆಗೆ ಬಂದಿದ್ದ ಆಳಿನ ಬುಟ್ಟಿಯಿಂದ ಒಂದು ಬಂಗುಡೆ ತೆಗೆದು ಹಲಗೆಯ ಮೇಲೆ ಎಸೆದ. "ಕುಯ್ಯಮ್ಮ, ನೋಡೋಣ."

ಕೆಸಾಳ ಕೈ ಏಳಲಿಲ್ಲ. ಕಣ್ಣ ಮುಂದೆ ಅಪ್ಪನ ಮಂಡಿಗಳು ಬಂದವು.

ಆಗ ತೊಮೆ ಒಲೆಯ ಪಕ್ಕದಿಂದ ಬೈಯತೊಡಗಿದಳು: "ನೋಡಿ ಒಡೆಯಾ, ಇಂಥಾ ಸೊಸೇನ ಕಟ್ಕೊಂಡು ಏಗ್ತಿದೀನಿ. ಹಲಗೆ ಸವೀತದೆ ಅಂತ ಮೀನು ಕಲ್ಲಿನ ಮೇಲೆ ಕುಯ್ತಾಳೆ. ಕತ್ತೀನೆಲ್ಲ ಮೊಂಡು ಮಾಡಿಟ್ಟವ್ಳೆ. ಏನೇ ನೋಡ್ತೀಯ? ಕುಯ್ಯೇ ಜಿಪುಣಿ!"

ಸಮುರಾಯ್ ನಕ್ಕ. ಕೆಸಾ ಕತ್ತಿ ಹಿಡಿದಳು. ಬಲವಾಗಿ ಹೊಡೆದರೆ ಬೆಣೆ ಸಡಿಲಬಹುದು. ಮೆಲ್ಲಗೆ ಕುಯ್ದರೆ ಕಳ್ಳತನ ಕಾಣುತ್ತದೆ. ಮೀನಿನ ತಲೆ ಕಡಿದಳು. ರಕ್ತ ಹರಿದು ಹಲಗೆಯ ಸಂದಿಗೆ ಇಳಿಯಿತು. ಅವನು ಅದನ್ನು ನೋಡುತ್ತ ನಿಂತಿದ್ದ, ಆಮೇಲೆ ಮೀನೆತ್ತಿಕೊಂಡು ಹೋದ.

ಕೆಸಾ ಕುಸಿದು ಅತ್ತಳು. "ಅತ್ತೆ, ನನಗಿನ್ನು ನರಕವೇ ಗತಿ."

"ಸುಮ್ನಿರೇ. ಪಾಪಿಗಳಿಗೋಸ್ಕರಾನೇ ಬಂದವ್ನಿಗೆ ಮಡಿ ಕಟ್ಟಿದ್ವಿ ನೋಡು, ನಮ್ಮದೇ ತಪ್ಪು. ನಾಳೆಯಿಂದ ದಿನಾ ಕುಯ್ಯಿ," ಎಂದಳು ತೊಮೆ.

ಕೆಸಾ ಮುದುಕಿಯಾಗುವವರೆಗೂ ಬುದ್ಧನ ಮೇಲೆ ಮೀನು ಕುಯ್ದಳು. ಎಷ್ಟು ವರ್ಷವಾದರೂ ಅದು ಅಭ್ಯಾಸವಾಗಲೇ ಇಲ್ಲ. ನೆರೆಯವರು ಬಂದಾಗ ಅವಳು ಕತ್ತಿಯ ಸದ್ದು ಜೋರು ಮಾಡುವಳು, ಅವರು ಆ ಸದ್ದಿನಡಿ ಹೆಸರು ಹೇಳಿಕೊಳ್ಳುವರು. ಕೆಸಾ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಕೊನೆಗಾಲದಲ್ಲಿ ಕೆಸಾ ತನ್ನ ಸೊಸೆ ಸುಯೆಯ ಕೈ ಹಿಡಿದುಕೊಂಡಳು. "ಒಂದ್ಸಲ ಬಾಯ್ತುಂಬ ಆ ಹೆಸರು ಹೇಳ್ಬೇಕು ಮಗಳೇ. ಹೆದರಿಕೆ ಆಯ್ತದೆ."

ಸುಯೆ ಹಾಸಿಗೆಯ ಪಕ್ಕದಲ್ಲೇ ಹಲಗೆಯಿಟ್ಟು ಮೂಲಂಗಿ ಹೆಚ್ಚಲು ಕೂತಳು. ಕೆಸಾ ಶುರುಮಾಡಿದಳು, ಮೊದಲು ಉಸಿರಿನಲ್ಲಿ, ಆಮೇಲೆ ದನಿಯೆತ್ತಿ: "ನಮು ಅಮಿದಾ ಬುತ್ಸು." ಅಂಗಳದಲ್ಲಿ ಹುಲ್ಲಿನ ಚಪ್ಪಲಿಗಳ ಸದ್ದಾಯಿತು. ತಪಾಸಣೆಯವರು. ಸುಯೆ ಕತ್ತಿಯನ್ನು ಇನ್ನೂ ಜೋರಾಗಿ ಬಡಿದಳು. ಅತ್ತೆಯ ದನಿ ಏರಿತು, ನಿಂತಿತು. ಮತ್ತೆ ಬರಲಿಲ್ಲ.

ಮೂಲಂಗಿ ಮುಗಿದಿತ್ತು. ಕತ್ತಿ ನಿಲ್ಲಿಸಿದರೆ ತನ್ನ ಅಳು ಕೇಳಿಸುತ್ತದೆ. ಅವಳು ಬರಿಯ ಹಲಗೆಯನ್ನೇ ಕೊಚ್ಚುತ್ತ ಹೋದಳು.

"ಮುದುಕಿ ಹೆಂಗವ್ಳೆ?" ಬಾಗಿಲಿನಿಂದ ದನಿ ಬಂತು.

"ಈಗ ತಾನೆ ನಿದ್ದೆ ಹತ್ತಿದೆ, ಒಡೆಯಾ," ಎಂದಳು ಸುಯೆ, ಕತ್ತಿ ನಿಲ್ಲಿಸದೆ.