ಸೀತನಿಯ ತನಕ

ಕಿಕ್ಕೇರಿಗೆ ಬಂದ ಮರುದಿನ ನಸುಕಿನಲ್ಲಿ ನೀರು ಹರಿದುಹೋಗುವ ಸದ್ದಿಗೆ ಎಚ್ಚರವಾಯಿತು. ಯಾರೋ ನಲ್ಲಿ ಬಿಟ್ಟು ಮರೆತಿದ್ದಾರೆ ಎಂದುಕೊಂಡು ಗಾಬರಿಯಲ್ಲಿ ಎದ್ದೆ. ಬಚ್ಚಲು ನೋಡಿದೆ, ಹಿತ್ತಲಿನ ತೊಟ್ಟಿ ನೋಡಿದೆ, ಮಹಡಿ ಹತ್ತಿ ಟ್ಯಾಂಕಿಗೆ ಕಿವಿಯಿಟ್ಟೆ. ಸದ್ದು ನಿಲ್ಲಲಿಲ್ಲ. ಕೆಳಗೆ ಕೊಟ್ಟಿಗೆ ಗುಡಿಸುತ್ತಿದ್ದ ಮನೆಯ ಮಾಲೀಕರು ತಲೆಯೆತ್ತಿ, "ಏನ್ ಹುಡುಕ್ತಾ ಇದ್ದೀರಿ ಮೇಡಮ್ಮೋರೆ?" ಎಂದರು. ಹೇಳಿದೆ. ಪೊರಕೆ ಕೆಳಗಿಟ್ಟು ನಕ್ಕರು. "ಅದು ನಾಲೆ ಕಣವ್ವಾ. ಮೊನ್ನೆ ನೀರು ಬುಟ್ಟವ್ರೆ. ಅದನ್ಯಾವ ನಲ್ಲಿ ತಿರುವಿ ನಿಲ್ಲುಸ್ತೀಯ?"

ಗದಗಿನ ನಮ್ಮ ಓಣಿಯಲ್ಲಿ ನೀರು ಬರುವ ದಿನವೆಂದರೆ ಏನೆಂದು ನಮ್ಮ ಕಡೆಯವರಾದ ನಿಮಗೆ ಗೊತ್ತು. ಅಂದು ಯಾರೂ ಊರಿಗೆ ಹೋಗುವುದಿಲ್ಲ, ಯಾರ ಮನೆಯ ಕೊಡವೂ ಖಾಲಿ ಕೂರುವುದಿಲ್ಲ. ಇಲ್ಲಿ ನೀರು ಯಾರೂ ನೋಡದಿದ್ದರೂ ಹರಿಯುತ್ತದೆ. ನನಗೆ ಅದರ ಸದ್ದು ಅಭ್ಯಾಸವಾಗಲು ಬಹಳ ದಿನ ಹಿಡಿಯಿತು. ಏನೋ ವ್ಯರ್ಥವಾಗುತ್ತಿದೆ, ಎದ್ದು ನಿಲ್ಲಿಸಬೇಕು ಎನ್ನಿಸುತ್ತಲೇ ಇತ್ತು.

ನಾನು ಧಾರವಾಡದಲ್ಲಿ ಕೃಷಿ ಓದಿದವಳು. ಕಪ್ಪು ಮಣ್ಣು, ಹಿಂಗಾರಿ ಜೋಳ, ಕಡಲೆ, ಕುಸುಬೆ ನನಗೆ ತಿಳಿದ ಲೋಕ. ಕೆಲಸ ಸಿಕ್ಕಿದ್ದು ಇಲ್ಲಿನ ರೈತ ಸಂಪರ್ಕ ಕೇಂದ್ರದಲ್ಲಿ. ಇಲ್ಲಿ ಭತ್ತ, ಕಬ್ಬು, ತೆಂಗು. ಮನೆಮನೆಗೂ ಸೀಮೆಹಸು. ಜೋಳದ ಬೀಜ ಕೇಳಿಕೊಂಡು ಬರುವವರೂ ಇದ್ದಾರೆ, ಆದರೆ ಹಸುವಿನ ಹಸಿಮೇವಿಗಾಗಿ. ಮೊದಲ ಸಲ ಅದನ್ನು ಕೇಳಿದಾಗ ನಮ್ಮ ತಟ್ಟೆಯನ್ನು ಯಾರೋ ಎತ್ತಿ ಗೋದಲಿಗೆ ಇಟ್ಟಂತಾಯಿತು.

ಮನೆ ಸಿಗಲು ಕಷ್ಟವಾಗಲಿಲ್ಲ. ಪ್ರಶ್ನೆಗಳೇ ಕಷ್ಟವಾದವು. ಒಬ್ಬರೇನಾ, ಮದುವೆ ಯಾಕಾಗಿಲ್ಲ, ಅಪ್ಪ ಏನು ಮಾಡ್ತಾರೆ, ಮೀನು ಮಾಂಸ ತಿಂತೀರಾ. ನಾನು ಒಂದೊಂದೇ ಪದದಲ್ಲಿ ಉತ್ತರ ಕೊಡುವವಳು. ಇಲ್ಲಿನವರು ಅದನ್ನು ಸೊಕ್ಕು ಎಂದುಕೊಳ್ಳಲಿಲ್ಲ, ಹಸಿವು ಎಂದುಕೊಂಡರು. ಬಾಗಿಲು ತೆರೆದಾಗಲೆಲ್ಲ ಯಾರಾದರೂ, "ಇಟ್ಟು ಉಂಡ್ರಾ?" ಎನ್ನುತ್ತಿದ್ದರು. ಇಟ್ಟು ಎಂದರೆ ರಾಗಿಮುದ್ದೆ. ಅದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ರೊಟ್ಟಿಯನ್ನು ಅಗಿದು ಅಗಿದು ಬೆಳೆದ ನನ್ನ ದವಡೆಗೆ ಮಾಡಲು ಕೆಲಸವೇ ಇರಲಿಲ್ಲ. ಊಟವಾದ ಮೇಲೂ ಊಟ ಮಾಡಿದಂತೆ ಅನಿಸುತ್ತಿರಲಿಲ್ಲ.

ಶ್ರಾವಣದಲ್ಲಿ, ಪಂಚಮಿಯಾದ ವಾರ, ದೇವೀರಮ್ಮ ಎಂಬ ಹೆಂಗಸು ಕೇಂದ್ರಕ್ಕೆ ಬಂದರು. ಹತ್ತಿರದ ಹಳ್ಳಿಯವರು. ಕೈಯಲ್ಲಿ ಪಹಣಿಯೂ ಇಲ್ಲ, ಚೀಲವೂ ಇಲ್ಲ. ರೈತರೆಲ್ಲ ಹೋಗುವ ತನಕ ಬೆಂಚಿನ ಮೇಲೆ ಕೂತಿದ್ದು ಆಮೇಲೆ ಎದ್ದರು.

"ನೀವು ಆ ಗದಗದ ಕಡೆಯೋರಂತಲ್ಲ?"

"ಹೌದು."

"ನಮ್ಮಟ್ಟೀಲೂ ನಿಮ್ಮ ಕಡೆಯೋಳು ಒಬ್ಳವ್ಳೆ. ನಮ್ಮ ನಂಜೇಶನ ಎಂಡ್ರು. ಸರಿಯಾಗಿ ಉಣ್ಣಾಕಿಲ್ಲ, ಯಾರೋ ಸತ್ತೋದಂಗೆ ಅಳ್ತಾ ಕುಂತವ್ಳೆ. ಏನಾಯ್ತವ್ವಾ ಅಂದ್ರೆ ಪಂಚಮಿ ಅಂತಾಳೆ. ನಾಗಪ್ಪನ ಹಬ್ಬಕ್ಕೆ ಯಾರಾದ್ರೂ ಅಳ್ತಾರಾ?"

ಈ ಕಡೆ ಒಕ್ಕಲು ಮನೆಗಳ ಎಷ್ಟೋ ಗಂಡುಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ. ಮಗನಿಗೆ ಮದುವೆಯಾಗಲಿ ಎಂದು ದೇವೀರಮ್ಮ ಗಂಜಾಂನ ನಿಮಿಷಾಂಬೆಗೆ ಹರಕೆ ಹೊತ್ತು, ಪಾಂಡವಪುರ, ನಾಗಮಂಗಲ ಎಲ್ಲ ಕಡೆ ಹುಡುಕಿ, ಕೊನೆಗೆ ಮಧ್ಯಸ್ಥರೊಬ್ಬರ ಮಾತಿನಂತೆ ರೋಣದ ಹತ್ತಿರದ ಹಳ್ಳಿಯಿಂದ ನೀಲವ್ವನನ್ನು ತಂದಿದ್ದರು. ಪಂಚಮಿ ನಮ್ಮ ಕಡೆ ತವರಿಗೆ ಹೋಗುವ ಹಬ್ಬ, ಅಣ್ಣ ಬಂದು ಕರೆದುಕೊಂಡು ಹೋಗಬೇಕು, ಮದುವೆಯಾದ ಮೊದಲ ವರ್ಷ ತಪ್ಪಿಸುವುದಿಲ್ಲ ಎಂದು ಹೇಳಿದೆ. ಅವರು ಬಾಯ ಮೇಲೆ ಕೈಯಿಟ್ಟುಕೊಂಡರು.

"ಅಂಗಾ? ನಮ್ಮಲ್ಲಿ ಗೌರಿ ಹಬ್ಬಕ್ಕೆ ಕರೀತಾರೆ. ಮೊದ್ಲೇ ಒಂದ್ ಮಾತು ಅಂದಿದ್ರೆ ನಂಜೇಶನ್ನೇ ಜೊತೆಮಾಡಿ ಕಳುಸ್ತಿದ್ದೆ."

ಕರೆಯದೆ ಹೋಗುವುದು ಬೇರೆ ಎಂದು ಅವರಿಗೆ ಹೇಳಲಿಲ್ಲ. ಅವರಿಗೂ ಗೊತ್ತಿತ್ತು ಅನಿಸುತ್ತದೆ. "ಒಂದ್ಸಲ ಬಂದು ಉಣ್ಸಿ ಓಗ್ರವ್ವಾ. ನಿಮ್ಮ ಮಾತು ಕೇಳುದ್ರೆ ಗೆಲುವಾಗ್ಬೋದು" ಎಂದರು. ಬೇರೆಯವರ ಮನೆಯ ಸಂಗತಿಗೆ ಹೋಗುವುದು ನನ್ನ ಸ್ವಭಾವವಲ್ಲ. ಆದರೆ ಇಲ್ಲವೆನ್ನಲು ಕಾರಣ ಹೊಳೆಯಲಿಲ್ಲ.

ನೀಲವ್ವ ನನಗಿಂತ ಚಿಕ್ಕವಳು. ನನ್ನನ್ನು ನೋಡಿ ಬಾಗಿಲಿಗೆ ಬಂದಳು. ನಾನು, "ಹೆಂಗದೀಯವಾ?" ಅಂದೆ. ಅಷ್ಟಕ್ಕೇ ಅವಳ ಮುಖ ಕುಸಿಯಿತು. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಗದ್ದಲ, ಬರಲು ಆಗುವುದಿಲ್ಲ ಎಂದು ಅಣ್ಣ ಫೋನು ಮಾಡಿದ್ದನಂತೆ. "ಹೆಸರು ವರ್ಷಾ ಬರತೈತಲ್ರಿ ಅಕ್ಕಾರ. ಮೊದಲನೇ ಪಂಚಮಿ ವರ್ಷಾ ಬರತೈತೇನ್ರಿ?" ಎಂದಳು.

ಅಪ್ಪನಿಗೆ ಹೇಳಿ ಜೋಳದ ಹಿಟ್ಟು ತರಿಸಿದೆ. ಭಾನುವಾರಗಳಲ್ಲಿ ಹೋಗತೊಡಗಿದೆ. ನೀರು ಕುದಿಸಿ ಹಿಟ್ಟಿಗೆ ಹಾಕಿ ನಾದಿ, ನೀಲವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಬಡಿಯಲು ಚೆನ್ನಾಗಿ ಬರುವುದಿಲ್ಲ, ನಮ್ಮ ಮನೆಯಲ್ಲಿ ಅವ್ವನೇ ಮಾಡುವುದು. ದೇವೀರಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

"ಇದೇನವ್ವಾ, ಅಡಿಗೆ ಮಾಡ್ತಿದ್ದೀರೋ ಭಜನೆಗೆ ಚಪ್ಪಾಳೆ ಹೊಡೀತಿದ್ದೀರೋ?"

ಒಂದು ರೊಟ್ಟಿ ತಿಂದು ನೋಡಿದರು. "ಅಪ್ಪಳ ಇದ್ದಂಗದೆ. ಒಟ್ಟೆಗೆ ಏನಾದ್ರೂ ಓಯ್ತಾ ಅಂತ್ಲೇ ಗೊತ್ತಾಗಾಕಿಲ್ಲ. ಈಗ ಇಟ್ಟು ಇಕ್ಕು."

ನಂಜೇಶ ಮಾತ್ರ ತಲೆ ಬಗ್ಗಿಸಿ ರೊಟ್ಟಿ ಮೇಲೆ ರೊಟ್ಟಿ ತಿಂದ. "ಏನ್ಲಾ, ಎಂಡ್ತಿ ಮಾಡಿದ್ದಕ್ಕೆ ಹಲ್ಲು ಉದುರುದ್ರೂ ಪರವಾಗಿಲ್ವಾ?" ಎಂದು ತಾಯಿ ಕೇಳಿದರು. "ಚೆನ್ನಾಗದೆ ಬುಡವ್ವ" ಎಂದ. ಅಂದು ನೀಲವ್ವ ನಕ್ಕಿದ್ದನ್ನು ಮೊದಲ ಬಾರಿಗೆ ನೋಡಿದೆ. ಹಿಂತಿರುಗುವ ದಾರಿಯಲ್ಲಿ ನನಗೂ ಹೊಟ್ಟೆ ತುಂಬಿತ್ತು. ನನ್ನಿಂದ ಒಬ್ಬರಿಗೆ ಉಪಯೋಗವಾಯಿತು ಎಂಬ ಸಣ್ಣ ಹೆಮ್ಮೆಯೂ ಇತ್ತು.

ಮಹಾನವಮಿಗೆ ಮುಂಚೆ ಅವಳು, "ಬೀಜ ತರಸ್ರಿ ಅಕ್ಕಾರ, ಒಂದೀಟು ಬಿತ್ತೂಣು" ಎಂದಳು. ಇದು ಕೆಂಪು ಮಣ್ಣು, ಹಿಂಗಾರಿ ಜೋಳಕ್ಕೆ ಒಗ್ಗುವುದು ಅನುಮಾನ, ಸುತ್ತ ಎಲ್ಲೂ ಇಲ್ಲದ ಬೆಳೆಯಾದ್ದರಿಂದ ಹಕ್ಕಿಗಳೆಲ್ಲ ಇಲ್ಲಿಗೇ ಬರುತ್ತವೆ ಎಂದು ನಾನು ಇಲಾಖೆಯ ಧಾಟಿಯಲ್ಲಿ ಹೇಳಿದೆ. "ಕಾಳು ಒಕ್ಕೂದು ಬ್ಯಾಡ್ರಿ. ಸೀತನಿಗೆ ಆಗೂವಷ್ಟು ಬಂದ್ರ ಸಾಕು" ಎಂದಳು.

ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಕಾಳನ್ನು ಬೆಲ್ಲದ ಜೊತೆ ತಿನ್ನುವ ಸೀತನಿಯ ಸುಖವನ್ನು ನಿಮಗೆ ವಿವರಿಸಬೇಕಾಗಿಲ್ಲ. ನಾಲೆ ನೀರು ಏರದ ತೆಂಗಿನ ಬದಿಯ ಜಾಗವನ್ನು ನಂಜೇಶ ಉತ್ತು ಕೊಟ್ಟ. ಬಿತ್ತಿದ ದಿನ, ಯಾರೂ ಹತ್ತಿರವಿಲ್ಲದಾಗ, ನೀಲವ್ವ ನನಗೊಂದು ಮಾತು ಹೇಳಿದಳು. "ಅಕ್ಕಾರ, ಇವರು ಕೆಟ್ಟವರಲ್ರಿ. ಆದ್ರ ನನಗ ಇಲ್ಲಿ ಇರಾಕ ಆಗತೈತೋ ಇಲ್ಲೋ ಇನ್ನ ತಿಳಿವಲ್ದು. ಸೀತನಿ ತನಕ ನೋಡ್ತೀನಿ. ತಿಂದು ಹೇಳ್ತೀನಿ."

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅದು ಅವಳ ಮಾತು.

ಜೋಳ ನನ್ನ ಅನುಮಾನವನ್ನು ಸುಳ್ಳು ಮಾಡಿ ಎದ್ದಿತು. ನೀಲವ್ವ ಸಂಜೆ ಬದುವಿನ ಮೇಲೆ ನಿಂತು ಹಕ್ಕಿ ಓಡಿಸುತ್ತಿದ್ದಳು. ಡಿಸೆಂಬರಿನ ಒಂದು ಭಾನುವಾರ ಅವಳನ್ನು ನಾಗಮಂಗಲಕ್ಕೆ ಕರೆದುಕೊಂಡು ಹೋದೆ. ತರಬೇತಿಗೆಂದು ಹಿಂದೊಮ್ಮೆ ಅಲ್ಲಿಗೆ ಹೋದಾಗ, ನೀರಿಲ್ಲದ ಬಯಲು ಹೊಲಗಳನ್ನು ನೋಡಿ ನನಗೇ ಉಸಿರು ಸರಾಗವಾದಂತಾಗಿತ್ತು. ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿದೆವು. ಗದ್ದೆಗಳು ಮುಗಿದು, ಕೊಯ್ದ ರಾಗಿಹೊಲ, ಹುರಳಿ, ದೂರದವರೆಗೆ ಕಾಣುವ ಆಕಾಶ ಬಂದವು. ಕಿಟಕಿಗೆ ಹಣೆ ಹಚ್ಚಿದ್ದ ನೀಲವ್ವ, "ಇಲ್ಲಿಗರ ಕೊಟ್ಟಿದ್ರ ಆಗ್ತಿತ್ತಲ್ರಿ" ಎಂದಳು. ಇಬ್ಬರೂ ಜೋರಾಗಿ ನಕ್ಕೆವು. ಬಸ್ಸಿನಲ್ಲಿದ್ದವರು ತಿರುಗಿ ನೋಡಿದರು.

ಸಂಜೆ ಮನೆ ಸೇರಿದಾಗ ತೆಂಗಿನ ಬದಿಯ ಜಾಗ ಬೋಳಾಗಿತ್ತು. ಕೂಳೆ ಮಾತ್ರ ಉಳಿದಿತ್ತು. ಕೊಟ್ಟಿಗೆಯಲ್ಲಿ ಹೊಸದಾಗಿ ಕರು ಹಾಕಿದ್ದ ಹಸು ಸದ್ದು ಮಾಡುತ್ತ ಮೇಯುತ್ತಿತ್ತು. ದೇವೀರಮ್ಮ ಕುಡುಗೋಲು ಸೂರಿಗೆ ಸಿಕ್ಕಿಸುತ್ತ ಖುಷಿಯಾಗಿ ಹೇಳಿದರು. "ಬಂದ್ರಾ? ತೆನೆ ಬಂದ್ಬುಟ್ಟಿತ್ತು ಕಣವ್ವಾ. ಇನ್ನೂ ಬುಟ್ರೆ ಕಡ್ಡಿ ಬಲ್ತೋಯ್ತದೆ, ಹಸ ಮೂಸಾಕಿಲ್ಲ. ದಿನಾ ನೀನೇ ಕಾಯ್ತಿದ್ಯಲ್ಲ, ಇವತ್ತೊಂದಿನ ನಿಂಗ್ಯಾಕೆ ಕಷ್ಟ ಅಂತ ನಾನೇ ಕುಯ್ದಾಕ್ದೆ."

ಅವರ ಮಟ್ಟಿಗೆ ಜೋಳ ಹಾಕುವುದು ಹಸುವಿಗೆ. ಹಿಟ್ಟಿನ ಜೋಳ ಗದಗಿನಿಂದ ಚೀಲದಲ್ಲಿ ಬರುತ್ತಿತ್ತಲ್ಲ. ಯಾತಕ್ಕೆ ಬಿತ್ತುತ್ತಿದ್ದೇವೆಂದು ನಾವು ಹೇಳಿರಲಿಲ್ಲ, ಜೋಳ ಯಾತಕ್ಕೆಂದು ಹೇಳುವುದೇನಿದೆ? ಯಾತಕ್ಕೆಂದು ಅವರೂ ಕೇಳಿರಲಿಲ್ಲ. ಬಿತ್ತನೆಯಾದದ್ದು ಹಸು ಗಬ್ಬವಿದ್ದಾಗ. ಹೊತ್ತಿಗೆ ಸರಿಯಾಗಿ ಮೇವು ಬಂತೆಂದು ಸೊಸೆಯ ಜಾಣತನವನ್ನು ಹಾಲಿನ ಡೈರಿಯಲ್ಲಿ ಹೊಗಳಿಕೊಂಡಿದ್ದರಂತೆ. ನಂಜೇಶ ಗದ್ದೆಗೆ ಹೋಗಿದ್ದ.

ನೀಲವ್ವ ಗೋದಲಿಯಿಂದ ಒಂದು ತೆನೆ ಎತ್ತಿಕೊಂಡು ಅಂಗೈಯಲ್ಲಿ ಹಿಚುಕಿದಳು. ಹಾಲು ಒಸರಿತು. ಇನ್ನೊಂದು ವಾರವಿದ್ದಿದ್ದರೆ ಸೀತನಿಗೆ ಹದವಾಗುತ್ತಿತ್ತು. ಅವಳು ತೆನೆಯನ್ನು ಹಸುವಿನ ಬಾಯಿಗೇ ಕೊಟ್ಟು ಒಳಗೆ ಹೋದಳು.

"ಯಾಕವ್ವಾ? ಏನಾಯ್ತು?" ದೇವೀರಮ್ಮ ನನ್ನನ್ನು ಕೇಳಿದರು. ಹೇಳಬೇಕಾಯಿತು.

"ತಿನ್ನಾಕಾ? ಅಯ್ಯೋ, ನನ್ ಬಾಯಿಗೆ ಮಣ್ಣಾಕ. ಒಬ್ರಾದ್ರೂ ಹೇಳ್ಬಾರ್ದಾಗಿತ್ತಾ?" ಅವರು ಕೊಟ್ಟಿಗೆಯ ಕಂಬ ಹಿಡಿದು ಅಲ್ಲೇ ಕೂತುಬಿಟ್ಟರು. ಒಳಗೆ ಒಬ್ಬಳು, ಹೊರಗೆ ಒಬ್ಬರು. ಯಾರ ಬಳಿ ಹೋಗಬೇಕೆಂದು ತಿಳಿಯದೆ ನಾನು ಅಂಗಳದಲ್ಲಿ ನಿಂತಿದ್ದೆ.

ಮುಂದಿನ ಭಾನುವಾರ ನೀಲವ್ವ ನನಗಾಗಿ ನಾಲೆಯ ಸೇತುವೆಯ ಹತ್ತಿರವೇ ಕಾಯುತ್ತಿದ್ದಳು. ಮನೆಯ ತನಕ ಹೋಗಲು ಬಿಡಲಿಲ್ಲ.

"ಅಕ್ಕಾರ, ಸಿಟ್ಟು ಮಾಡ್ಕೋಬ್ಯಾಡ್ರಿ. ಇನ್ನ ಬರಬ್ಯಾಡ್ರಿ."

"ಅತ್ತಿ ಮ್ಯಾಲೆ ಸಿಟ್ಟೇನು?"

"ಇಲ್ರಿ. ಪಾಪ, ಆವತ್ತಿಂದ ಅವರೂ ಸರಿಯಾಗಿ ಉಂಡಿಲ್ಲ. ನಾನೇ ಮುದ್ದಿ ಮಾಡಿ ಹಾಕೀನಿ." ಸೇತುವೆಯ ಕಟ್ಟೆ ಉಜ್ಜುತ್ತ ನಿಧಾನವಾಗಿ ಹೇಳಿದಳು. "ನೀವು ಬರೂ ಹಿಂದಿನ ದಿನದಿಂದ ನಾ ನಮ್ಮೂರಾಗ ಇರ್ತೀನಿ. ನೀವು ಹ್ವಾದ ಮ್ಯಾಲೆ ಎರಡು ದಿನ ಅಲ್ಲೇ ಇರ್ತೀನಿ. ಇಲ್ಲೆ ಇರೂದು ಯಾವಾಗ್ರಿ?"

"ಯುಗಾದಿಗೆ ನಾ ಊರಿಗೆ ಹೋಗ್ತೀನಿ. ನಿನ್ನ ಕರ್ಕೊಂಡು ಹೋಗ್ತೀನಿ" ಎಂದೆ. ನನ್ನ ಬಳಿ ಇದ್ದದ್ದು ಅಷ್ಟೇ.

"ನಿಮ್ಮ ಜೋಡಿ ಬಂದ್ರ ನೀವು ನಿಮ್ಮ ಮನೀಗೆ ಹೋಗ್ತೀರಿ. ನಾ ಎಲ್ಲಿಗೆ ಹೋಗ್ಲಿ? ಕರಿಯಾಕ ಯಾರೂ ಬರವಲ್ರು. ಇನ್ನ ಇರೂದರ ಕಲೀಬೇಕಲ್ರಿ."

ಹಿಟ್ಟಿನ ಚೀಲವನ್ನು ಅವಳು ತೆಗೆದುಕೊಳ್ಳಲಿಲ್ಲ. ನಾನೇ ಹೊತ್ತುಕೊಂಡು ಹಿಂತಿರುಗಿದೆ. ನನ್ನ ಕಾಲೇಜಿನ ಗೆಳತಿಗೆ ಫೋನಿನಲ್ಲಿ ಹೇಳಿದಾಗ, "ಅಷ್ಟರ ಮಾಡಿದ್ಯಲ್ಲ, ದೊಡ್ಡದು" ಎಂದಳು. ದೊಡ್ಡದೋ ಚಿಕ್ಕದೋ ನನಗೆ ಗೊತ್ತಿಲ್ಲ. ಸಂತೈಸಲೆಂದು ಹೋಗುತ್ತಿದ್ದ ನಾನೇ ಪ್ರತಿ ವಾರ ಆ ಹುಡುಗಿಯನ್ನು ಊರಿನ ತನಕ ಎಳೆದುಕೊಂಡು ಹೋಗಿ ಮತ್ತೆ ಇಲ್ಲಿ ಬಿಟ್ಟು ಬರುತ್ತಿದ್ದೆ ಎಂಬುದಷ್ಟೇ ಗೊತ್ತಾಯಿತು. ಹೋಗದಿರುವುದೇ ಸಹಾಯವಾದರೆ ಅದನ್ನು ಮಾಡುವುದು ಹೇಗೆಂದು ಯಾರೂ ನನಗೆ ಕಲಿಸಿರಲಿಲ್ಲ.

ಕಳೆದ ವಾರ ದೇವೀರಮ್ಮ ಕೇಂದ್ರಕ್ಕೆ ಬಂದಿದ್ದರು. ಈ ಸಲ ಬೀಜಕ್ಕೆಂದು ಕೈಯಲ್ಲಿ ಚೀಲವಿತ್ತು.

"ಈಗ ಉಣ್ತಾಳೆ ಕಣವ್ವಾ. ಇಟ್ಟು ಅವ್ಳೇ ತಿರುವ್ತಾಳೆ, ಗಂಟಿಲ್ದಂಗೆ. ಡೈರಿಗೂ ಓಯ್ತಾಳೆ. ನೀವ್ಯಾಕೆ ಬರಾಕಿಲ್ಲ? ಇಬ್ರೂ ಜಗಳ ಆಡ್ಕಂಡ್ರಾ?"

"ಇಲ್ಲಮ್ಮ, ಕೆಲಸ."

"ಭಾನುವಾರ್ವೂ ಕೆಲ್ಸವಾ?" ನನ್ನ ಮುಖ ನೋಡಿದರು. "ಅವ್ಳಿಗೋಸ್ಕರ ಬರಬ್ಯಾಡಿ ಬುಡಿ. ನೀವು ಉಂಡ್ಕಂಡ್ ಓಗಿ. ಇಳ್ದೋಗಿದ್ದೀರಿ. ಒಬ್ರೇ ಅದೇನ್ ಬೇಯಿಸ್ಕತೀರೋ ಏನೋ."

ಇಲ್ಲಿಗೆ ಬಂದ ಮೇಲೆ ಯಾರೂ ನನ್ನನ್ನು ಹೀಗೆ ನನಗೋಸ್ಕರ ಕರೆದಿರಲಿಲ್ಲ. ಬರಬೇಡಿ ಎಂಬ ನೀಲವ್ವನ ಮಾತನ್ನು ಅವರಿಗೆ ಹೇಳುವಂತಿಲ್ಲ. "ಬತ್ತೀನಿ" ಎಂದೆ, ಅವರ ಹಾಗೆಯೇ. ಅವರಿಗೆ ಸಮಾಧಾನವಾಯಿತು.

ಅಂದು ಸಂಜೆ ಅಪ್ಪ ಫೋನು ಮಾಡಿದರು. ವರ್ಗಾವಣೆಗೆ ಕೇಳುವ ಕಾಲ ಬಂತು, ಕೇಳಿದಿಯೋ ಇಲ್ಲವೋ ಎಂದರು. ಇನ್ನೂ ಇಲ್ಲ ಎಂದೆ.

"ಯಾಕವಾ? ಅಲ್ಲಿ ನಿನಗ ಯಾರದಾರ ಅಂತ?"

ನಮ್ಮ ಕಡೆಯ ಹುಡುಗಿಯೊಬ್ಬಳು ಇಲ್ಲೇ ಹತ್ತಿರದ ಹಳ್ಳಿಯಲ್ಲಿ ಇದ್ದಾಳೆ, ಅವಳ ಅತ್ತೆಯೂ ಒಳ್ಳೆಯವರು ಎಂದೆ.

"ಹಂಗಾರ ಛಲೋ ಆತು ಬಿಡು" ಎಂದರು ಅಪ್ಪ. ಅವರ ದನಿ ಹಗುರಾಗಿತ್ತು. "ಹೋಗಿ ಬಂದು ಮಾಡ್ತಿರು."

ಹೂಂ ಎಂದೆ.