ಕಂಪ್ಯೂಟರಿಗಾಗಿ ಹೂ ಕೇಳಿದ್ದು

ಕಳೆದ ವಾರ ನನ್ನ ಕಂಪ್ಯೂಟರಿನ ವಿಚಾರವಾಗಿ ಮಾರಮ್ಮ ಎರಡು ಸಲ ಹೂ ಕೊಟ್ಟಳು. ಎರಡೂ ಸಲ ಬಲಗಡೆಯೇ ಕೊಟ್ಟಳು. ತೊಂದರೆ ಏನೆಂದರೆ, ಎರಡು ಸಲ ಕೇಳಿದ ಪ್ರಶ್ನೆ ಒಂದೇ ಆಗಿರಲಿಲ್ಲ.

ನಗಬೇಡಿ. ಇದರಲ್ಲಿ ನನ್ನ ಕೆಲಸದ ಪ್ರಶ್ನೆ ಇದೆ.

ನಡೆದದ್ದು ಇಷ್ಟು. ಬುಧವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬ ಒಂದು ನೋಟಿಸು. ನೀವು ಬಳಸುತ್ತಿರುವ ವಿಂಡೋಸ್ ಹತ್ತಕ್ಕೆ ನಮ್ಮ ಬೆಂಬಲ ಮುಗಿಯಿತು, ಈಗ ಹನ್ನೊಂದು ಬಂದಿದೆ ಎಂಬ ಧಾಟಿಯದು. ಕೆಳಗೆ ಎರಡು ಗುಂಡಿ. ಒಂದರ ಮೇಲೆ ‘ಹೆಚ್ಚು ತಿಳಿಯಿರಿ’, ಇನ್ನೊಂದರ ಮೇಲೆ ‘ಆಮೇಲೆ ನೆನಪಿಸಿ’. ನಾನು ಯಾವುದನ್ನು ಒತ್ತಿದೆ ಎಂದು ಕೇಳುತ್ತೀರಾ? ನೀವು ಯಾವುದನ್ನು ಒತ್ತುತ್ತೀರೋ ಅದನ್ನೇ. (ಹೆಚ್ಚು ತಿಳಿದುಕೊಳ್ಳುವುದು ಪಾಠ ಹೇಳುವವರ ಕೆಲಸವಲ್ಲ. ತಿಳಿದುಕೊಳ್ಳಿ ಎಂದು ಬೇರೆಯವರಿಗೆ ಹೇಳುವುದು ನಮ್ಮ ಕೆಲಸ.)

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ನನ್ನ ಉದ್ಯೋಗ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ. ಮನೆ ನಂಜನಗೂಡು. ಕೆಲಸ ಟಿ. ನರಸೀಪುರದ ಒಂದು ಖಾಸಗಿ ಕಾಲೇಜಿನಲ್ಲಿ, ಕನ್ನಡ ಪಾಠ. ಹದಿನಾಲ್ಕು ವರ್ಷದಿಂದ ಅಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ಜೂನ್ ತಿಂಗಳಲ್ಲಿ ನಾನು ಯಾರು, ಎಲ್ಲಿ ಓದಿದೆ, ಎಷ್ಟು ವರ್ಷ ಪಾಠ ಮಾಡಿದ್ದೇನೆ ಎಂದು ಹೊಸದಾಗಿ ಅರ್ಜಿ ಹಾಕಿ ಅದೇ ಕಾಲೇಜಿಗೆ ಪರಿಚಯ ಮಾಡಿಕೊಳ್ಳಬೇಕು. ಎಷ್ಟು ವರ್ಷ ಪಾಠ ಮಾಡಿದ್ದೇನೆ ಎಂಬುದಕ್ಕೆ ಅದೇ ಕಾಲೇಜು ಕೊಟ್ಟ ಸೇವಾ ಪ್ರಮಾಣಪತ್ರವನ್ನು ಅದೇ ಕಾಲೇಜಿಗೆ ತೋರಿಸಬೇಕು. ಮದುವೆಯಾಗಿ ಹದಿನಾಲ್ಕು ವರ್ಷವಾದ ಮೇಲೂ ಗಂಡ ವರ್ಷಕ್ಕೊಮ್ಮೆ ಹೆಣ್ಣು ನೋಡಲು ಬಂದ ಹಾಗೆ.

ಆ ಪ್ರಮಾಣಪತ್ರಗಳಲ್ಲಿ ಮೊದಲ ಎಂಟು ವರ್ಷದವು ಈಗ ನನ್ನ ಹತ್ತಿರ ಇಲ್ಲ. ಕಪಿಲೆ ಉಕ್ಕಿ ನಮ್ಮ ಬೀದಿಗೆ ಬಂದ ವರ್ಷ, ಹಾಸಿಗೆ, ಅಕ್ಕಿ, ಟಿವಿ ಎಲ್ಲವನ್ನೂ ಅಟ್ಟಕ್ಕೇರಿಸಿದ ನಾವು ಬೀರುವಿನ ಕೆಳಗಿನ ಅರೆಯನ್ನು ಮರೆತೆವು. ಫೈಲು ಗಂಜಿಯಾಯಿತು. ಪುಣ್ಯಕ್ಕೆ ಅದಕ್ಕೂ ಮೊದಲೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಹೊಸ ಪ್ರತಿ ಕೇಳೋಣವೆಂದರೆ ಸಹಿ ಹಾಕಿದ ಇಬ್ಬರು ಪ್ರಿನ್ಸಿಪಾಲರಲ್ಲಿ ಒಬ್ಬರು ನಿವೃತ್ತರಾಗಿ ಊರು ಬಿಟ್ಟಿದ್ದಾರೆ, ಇನ್ನೊಬ್ಬರು ಲೋಕವನ್ನೇ ಬಿಟ್ಟಿದ್ದಾರೆ. ಹಾಗಾಗಿ ನನ್ನ ಎಂಟು ವರ್ಷ ಇರುವುದು ಟೇಬಲ್ ಕೆಳಗಿನ ಆ ಕಪ್ಪು ಡಬ್ಬಿಯೊಳಗೆ ಮಾತ್ರ.

ಈ ವರ್ಷದಿಂದ ಅರ್ಜಿ ಆನ್‌ಲೈನ್. ಕಡೆಯ ದಿನ ಸೋಮವಾರ. ಸೂಚನೆಗಳ ಉದ್ದನೆಯ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: ಅಭ್ಯರ್ಥಿಗಳು ಅಪ್‌ಡೇಟ್ ಆದ ಕಂಪ್ಯೂಟರಿನಿಂದಲೇ ಅರ್ಜಿ ಸಲ್ಲಿಸತಕ್ಕದ್ದು.

ಸಂಕಟ ಅರ್ಥವಾಯಿತಲ್ಲ? ಅಪ್‌ಗ್ರೇಡ್ ಮಾಡಿಸಿದರೆ ಒಳಗಿರುವ ಎಂಟು ವರ್ಷ ಅಳಿಸಿಹೋದೀತೆಂಬ ಭಯ. ಮಾಡಿಸದಿದ್ದರೆ ಅರ್ಜಿಯೇ ಹೋಗದೆ ಇದ್ದೀತೆಂಬ ಭಯ. ಕೈಯಲ್ಲಿರುವುದು ಐದು ದಿನ.

ನಮ್ಮ ಕಡೆ ಇಂಥ ಸಂದರ್ಭದಲ್ಲಿ ಏನು ಮಾಡುತ್ತಾರೆ? ವಿಷಯ ಗೊತ್ತಿರುವ ಒಬ್ಬರನ್ನು ಬಿಟ್ಟು ಮಿಕ್ಕವರನ್ನೆಲ್ಲ ಕೇಳುತ್ತಾರೆ. ನಾನೂ ಹಾಗೆಯೇ ಮಾಡಿದೆ.

ಮೊದಲು ನಮ್ಮ ಯಜಮಾನರು. ಇಲ್ಲಿನ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಅವರಿಗೆ ಗೊತ್ತಿಲ್ಲದ ವಿಷಯವಿಲ್ಲ. ಗೊತ್ತಿರುವ ವಿಷಯ ಯಾವುದು ಎಂದು ನಾನೂ ಕೇಳಿಲ್ಲ, ಸಂಸಾರ ನಡೆಯಬೇಕಲ್ಲ.

“ಅಪ್‌ಗ್ರೇಡ್ ಮಾಡಿದ್ರೆ ಎಲ್ಲಾ ಹೋಯ್ತದೆ ಕಣೇ,” ಎಂದರು. “ನಮ್ಮ ಫ್ಯಾಕ್ಟ್ರೀಲಿ ಒಬ್ರದ್ದು ಹೋಯ್ತು.”

“ಯಾರದ್ದು?”

“ಯಾರೋ ಒಬ್ರದ್ದು.”

ಗುರುವಾರ ಶಿಫ್ಟು ಮುಗಿಸಿ ಬಂದವರೇ ಚಪ್ಪಲಿ ಬಿಡುವ ಮೊದಲೇ ಹೇಳಿದರು: “ಅಪ್‌ಗ್ರೇಡ್ ಮಾಡ್ದೇ ಇದ್ರೆ ಎಲ್ಲಾ ಹೋಯ್ತದಂತೆ ಕಣೇ. ನಮ್ಮ ಫ್ಯಾಕ್ಟ್ರೀಲಿ ಒಬ್ರದ್ದು ಹೋಗ್ಬುಟ್ಟದೆ.” ಅದೇ ಒಬ್ಬರದ್ದೋ ಬೇರೆಯವರದ್ದೋ ತಿಳಿಯಲಿಲ್ಲ.

ಹಾಗಾದರೆ ಪ್ರಮಾಣಪತ್ರಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟು ಆಮೇಲೆ ಯೋಚಿಸಬಹುದಿತ್ತಲ್ಲ ಎಂದು ನಿಮಗೆ ಅನ್ನಿಸುತ್ತಿದೆ. ನನಗೂ ಅನ್ನಿಸಿತು. ಮನೆಯಲ್ಲಿ ಪೆನ್‌ಡ್ರೈವ್ ಇರುವುದು ಒಂದೇ. ಅದು ಕಾರಿನಲ್ಲಿದೆ. ಅದರಲ್ಲಿ ಇವರ ಹಾಡುಗಳಿವೆ. “ಅದ್ನ ಮಾತ್ರ ಮುಟ್ಬೇಡ, ಅದೆಲ್ಲಾ ಈಗ ಸಿಗಲ್ಲ,” ಎಂದರು. ನನ್ನ ಸೇವೆ ಮಾತ್ರ ಎಲ್ಲೆಂದರಲ್ಲಿ ಸಿಗುತ್ತದಲ್ಲ. ನಾನೂ ಒಂದು ಹೊಸ ಪೆನ್‌ಡ್ರೈವ್ ತರಬಹುದಿತ್ತು. ತರಲಿಲ್ಲ. ಚಿಂತೆ ಮಾಡುವುದರಲ್ಲಿ ಪುರುಸೊತ್ತಿರಲಿಲ್ಲ.

ಅಷ್ಟರಲ್ಲಿ ವಿಷಯ ನಮ್ಮ ಅತ್ತೆಯವರ ಕಿವಿಗೆ ಬಿತ್ತು. ಅವರು ಇರುವುದು ನಮ್ಮ ಜೊತೆಯಲ್ಲೇ, ಊರು ಹೆಮ್ಮರಗಾಲ. ಮನೆಯಲ್ಲಿ ಯಾವುದೇ ತೀರ್ಮಾನ ಕಗ್ಗಂಟಾದರೆ ಊರಿನ ಮಾರಮ್ಮನ ಗುಡಿಗೆ ಹೋಗಿ ಹೂ ಕೇಳುವುದು ಅವರ ಪದ್ಧತಿ. ಪೂಜಾರಪ್ಪ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸುತ್ತಾನೆ. ನಾವು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ಕೂರಬೇಕು. ಬಲಗಡೆಯದು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಊಹೂಂ. ನನ್ನ ಮದುವೆ ಹೀಗೆಯೇ ನಿಶ್ಚಯವಾದದ್ದು. (ಹೂ ಯಾವ ಕಡೆ ಬಿದ್ದಿತ್ತೆಂದು ಈಗ ಕೆದಕುವುದು ಬೇಡ.)

ಶುಕ್ರವಾರ ಅತ್ತೆ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬಂದರು.

“ಬಲಗಡೇನೇ ಊವ ಕೊಟ್ಳು ಕಣವ್ವ. ಒಸದು ಆಕ್ಸು, ಯೋಚ್ನೆ ಮಾಡ್ಬ್ಯಾಡ.”

“ಏನಂತ ಕೇಳಿದ್ರಿ ಅತ್ತೆ?”

“ಸೊಸೆ ಕಂಪ್ಯೂಟ್ರಿಗೆ ಒಸದು ಆಕ್ಸಿದ್ರೆ ಒಳ್ಳೇದಾಯ್ತದಾ ತಾಯಿ ಅಂತ.”

ಮನಸ್ಸು ಹಗುರವಾಯಿತು. ಆ ಹಗುರ ಸಂಜೆ ನಾಲ್ಕರವರೆಗೆ ಇತ್ತು. ನಾಲ್ಕಕ್ಕೆ ಹೆಮ್ಮಿಗೆಯಿಂದ ನನ್ನ ಅವ್ವನ ಫೋನು. ಹಿಂದಿನ ದಿನ ಮಾತಿನ ಮಧ್ಯೆ ಅವಳಿಗೂ ಈ ಕಥೆ ಹೇಳಿದ್ದೆ. ಅವಳೂ ಸುಮ್ಮನೆ ಕೂತಿರಲಿಲ್ಲ, ಅವಳೂರಿನ ಮಾರಮ್ಮನ ಹತ್ತಿರ ಹೋಗಿದ್ದಳು.

“ಬಲಗಡೆ ಕೊಟ್ಳು ಕಣವ್ವ, ತಡಾನೇ ಮಾಡ್ನಿಲ್ಲ. ಇರಾದ್ನೇ ಇಟ್ಕಬೇಕಂತೆ.”

“ನೀನೇನಂತ ಕೇಳ್ದೆ?”

“ನನ್ ಮಗ್ಳು ಇರಾ ಕಂಪ್ಯೂಟ್ರನ್ನೇ ಇಟ್ಕಂಡ್ರೆ ತೊಂದ್ರೆ ಇಲ್ವಾ ಅಂತ.”

ಈಗ ಹೇಳಿ, ಇಬ್ಬರು ಮಾರಮ್ಮಂದಿರಲ್ಲಿ ಯಾರ ಮಾತು ಕೇಳಲಿ? ಅಕ್ಕತಂಗಿಯರೆನ್ನುತ್ತಾರೆ, ಒಂದು ಮಾತು ಆಡಿಕೊಳ್ಳಬಾರದಿತ್ತೇ? ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡು, “ಬೀಗಿತ್ತಮ್ಮಾರೆ, ನಿಮ್ಮೂರಮ್ಮಂಗೆ ಕಂಪ್ಯೂಟ್ರು ಅಂದ್ರೆ ಗೊತ್ತಾ?” ಎಂದರು. “ನಿಮ್ಮೂರಮ್ಮ ಯಾವ ಕಾಲೇಜಲ್ಲಿ ಕಲ್ತಿದ್ದದ್ದು?” ಎಂದು ಆ ಕಡೆಯಿಂದ ಬಂತು. ನಾನು ಕಾಫಿಗೆ ನೀರಿಡುವ ನೆಪ ಮಾಡಿಕೊಂಡು ಅಡುಗೆಮನೆಗೆ ಹೋದೆ.

ದೇವಿಯ ತಪ್ಪೇನೂ ಇಲ್ಲ ಬಿಡಿ. ಅತ್ತೆಗೆ ಮನೆಗೆ ಹೊಸದೇನು ಬಂದರೂ ಹಿಗ್ಗು. ಅವ್ವನಿಗೆ ಇರುವುದೆಲ್ಲಿ ಕಳೆದೀತೋ ಎಂಬ ದಿಗಿಲು. ಇಬ್ಬರೂ ತಮಗೆ ಬೇಕಾದ ಉತ್ತರವನ್ನು ಪ್ರಶ್ನೆಯ ಒಳಗೇ ಇಟ್ಟು ಒಯ್ದಿದ್ದರು. ದೇವಿ ಇಬ್ಬರಿಗೂ ಹೂಂ ಎಂದಳು. ನಮ್ಮ ಕಾಲೇಜಿನ ಮೀಟಿಂಗುಗಳೂ ಹೀಗೆಯೇ ನಡೆಯುತ್ತವೆ, ಅಲ್ಲಿ ಹೂವಿನ ಬದಲು ಬೋಂಡ ಇಟ್ಟಿರುತ್ತಾರೆ.

ಶನಿವಾರ, ಬೇರೆ ದಾರಿ ಕಾಣದೆ, ವಿಷಯ ಗೊತ್ತಿರುವವನ ಹತ್ತಿರ ಹೋದೆವು. ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಅಸ್ಲಂ ಎಂಬಾತನ ರಿಪೇರಿ ಅಂಗಡಿ ಇದೆ. ಇಪ್ಪತ್ತು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತು ಊರಿನ ಕಂಪ್ಯೂಟರುಗಳ ಹೊಟ್ಟೆ ಬಿಚ್ಚುತ್ತಿರುವ ಮನುಷ್ಯ. ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂರಿಸಿಕೊಂಡು, ಇವರ ಹಾಡು ಕೇಳಿಕೊಂಡು ಹೋದೆವು.

ಅಸ್ಲಂ ಅದನ್ನು ಆನ್ ಮಾಡಿ ಎರಡು ನಿಮಿಷ ನೋಡಿದ. “ಮೇಡಂ, ಇದಕ್ಕೆ ಹನ್ನೊಂದು ಆಗಲ್ಲ.”

“ಯಾಕಪ್ಪ?”

“ಪ್ರೊಸೆಸರ್ ಹಳೇದು. ಅವರ ಲಿಸ್ಟಲ್ಲೇ ಇಲ್ಲ. ಎಲಿಜಿಬಲ್ ಅಲ್ಲ ಅಂತ ತೋರಿಸ್ತಿದೆ.”

“ಅಂದ್ರೆ ಕೆಟ್ಟೋಗಿದ್ಯಾ?”

“ಎಲ್ಲಿ ಕೆಟ್ಟೋಗಿದೆ? ಚೆನ್ನಾಗೇ ಇದೆಯಲ್ಲ. ನಡೆಸ್ಕಂಡು ಹೋಗಿ, ನಡೀತಾ ಇರುತ್ತೆ. ನಾಳೆ ಏನಾರ ಆದ್ರೆ ಕೇಳೋರು ಇರಲ್ಲ, ಅಷ್ಟೇ.” ಆಮೇಲೆ ನನ್ನ ಮುಖ ನೋಡಿ ಸೇರಿಸಿದ: “ಆ ‘ಹೆಚ್ಚು ತಿಳಿಯಿರಿ’ ಅಂತ ಬರುತ್ತಲ್ಲ ಮೇಡಂ, ಅದನ್ನ ಒತ್ತಿದ್ರೆ ಅಲ್ಲೇ ಬರ್ದಿರುತ್ತೆ.”

ನಾಲ್ಕು ದಿನ. ಇಬ್ಬರು ಮಾರಮ್ಮಂದಿರು. ಬೀಗಿತ್ತಿಯರ ನಡುವೆ ಒಂದು ಜಗಳ. ಆಗಲು ಸಾಧ್ಯವೇ ಇಲ್ಲದ ಕೆಲಸವನ್ನು ಮಾಡಬೇಕೋ ಬೇಡವೋ ಎಂದು ಇಡೀ ಮನೆ ತಲೆ ಕೆಡಿಸಿಕೊಂಡಿತ್ತು. ನನಗೆ ನಾಚಿಕೆಯಾಯಿತು. ಯಜಮಾನರು “ನಾನ್ ಮೊದ್ಲೇ ಹೇಳ್ಲಿಲ್ವಾ” ಎಂದರು. ಏನು ಹೇಳಿದ್ದರೆಂದು ಕೇಳುವ ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ.

“ಪೆನ್‌ಡ್ರೈವ್ ಇದ್ರೆ ಕೊಡಿ, ನಿಮ್ಮ ಸರ್ಟಿಫಿಕೇಟೆಲ್ಲ ಹಾಕ್ಕೊಡ್ತೀನಿ,” ಎಂದ ಅಸ್ಲಂ. ಇವರು ಕಾರಿಗೆ ಹೋಗಿ ಪೆನ್‌ಡ್ರೈವ್ ಕಿತ್ತು ತಂದು, ಕಣ್ಣೆದುರೇ ನಿಂತು ಕಾವಲು ಕಾದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತು. ಒಂದು ಹಾಡನ್ನೂ ಅಳಿಸದೆ ನನ್ನ ಹದಿನಾಲ್ಕು ವರ್ಷ ಐದು ನಿಮಿಷದಲ್ಲಿ ಅದರೊಳಗೆ ಕೂತಿತು.

ಭಾನುವಾರ ಅದೇ ಹಳೆಯ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದೆ. ಅಪ್‌ಡೇಟ್ ಆಗಿದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅರ್ಹತೆ ಎಂಬ ಕಾಲಮ್ಮಿನಲ್ಲಿ ಮಾತ್ರ ಒಂದು ಕ್ಷಣ ಕೈ ನಿಂತಿತು. ಅರ್ಹತಾ ಪರೀಕ್ಷೆ, ಪಿಎಚ್‌ಡಿ, ಇತರೆ ಎಂದು ಮೂರು ಆಯ್ಕೆ ಇದ್ದವು. ನನ್ನದು ಫಸ್ಟ್ ಕ್ಲಾಸಿನ ಎಂ.ಎ., ನಾನು ಸೇರಿದಾಗ ಅಷ್ಟು ಸಾಕಿತ್ತು. ‘ಇತರೆ’ ಒತ್ತಿದೆ. ಅರ್ಜಿ ಹೋಯಿತು. ಅತ್ತೆ ಪಾಯಸ ಮಾಡಿದರು.

ಮಂಗಳವಾರ ಕಾಲೇಜಿನ ಆಫೀಸಿನಿಂದ ಗುಮಾಸ್ತ ಮಹದೇವಪ್ರಸಾದ ಫೋನು ಮಾಡಿದ. ನನ್ನ ಹಳೆಯ ವಿದ್ಯಾರ್ಥಿ, ಮುಡುಕುತೊರೆ ಕಡೆಯವನು. ಬಿ.ಎ. ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದವನು. ಕಾಯಂ ಕೆಲಸ.

“ಮೇಡಂ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಹೆಸ್ರು ಎಲಿಜಿಬಲ್ ಲಿಸ್ಟಲ್ಲಿ ಬರ್ನಿಲ್ಲ.”

“ಯಾಕೋ? ಸರ್ಟಿಫಿಕೇಟ್ ಓಪನ್ ಆಗ್ಲಿಲ್ವಾ?”

“ಎಲ್ಲಾ ಓಪನ್ ಆದ್ವು ಮೇಡಂ. ಹದಿನಾಲ್ಕು ವರ್ಷಾನೂ ಕರೆಕ್ಟಾಗೇ ಅದೆ. ಈ ವರ್ಷದಿಂದ ಅರ್ಹತಾ ಪರೀಕ್ಷೆನಾದ್ರೂ ಪಾಸಾಗಿರ್ಬೇಕು, ಇಲ್ಲ ಪಿಎಚ್‌ಡಿ ಆಗಿರ್ಬೇಕು ಅಂತ ಆಡಳಿತ ಮಂಡಳಿ ಮೀಟಿಂಗಲ್ಲಿ ಪಾಸ್ ಆಗ್ಬುಟ್ಟದೆ. ಇನ್ನೊಂದ್ ಮಾತು ಮೇಡಂ. ಪ್ರಿನ್ಸಿಪಾಲ್ರು ಹೇಳ್ ಕಳ್ಸವ್ರೆ. ಬೇರೆ ಯಾರಾದ್ರೂ ಸಿಗಗಂಟ ನೀವೇ ಬಂದು ಕ್ಲಾಸ್ ತಕಳಿ ಅಂತ.”

“ಎಲಿಜಿಬಲ್ ಅಲ್ಲ ಅಂದ್ಯಲ್ಲೋ?”

“ಅಲ್ಲ ಮೇಡಂ.”

“ಮತ್ತೆ ಏನಂತ ಬರ್ಕತಾರೆ ನನ್ನ?”

“ಬರ್ಕಳಾದಿಲ್ಲ ಮೇಡಂ. ಸುಮ್ನೆ ಬಂದು ಪಾಠ ಮಾಡ್ಬುಟ್ಟು ಓಗಾದು.”

ಸಿಟ್ಟು ಬಂತು. ಅವನ ಮೇಲಲ್ಲ. ಪಾಠ ಹೇಳುವವರಿಗೆ ಪರೀಕ್ಷೆ ಇರಬಾರದೆಂದು ನಾನು ಎಂದೂ ಹೇಳಿಲ್ಲ, ಇರಲಿ. ಆದರೆ ಆ ನಿಯಮ ಇಷ್ಟು ವರ್ಷ ಎಲ್ಲಿ ಮಲಗಿತ್ತು? ನನಗೆ ಮೂವತ್ತೈದು ಇದ್ದಾಗ ಹೇಳಿದ್ದರೆ ಬಸ್ಸಿನಲ್ಲೇ ಓದಿ ಬರೆಯುತ್ತಿದ್ದೆ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲೇ ಕೂತಿರುತ್ತಿದ್ದೆನಲ್ಲ. ಆಗ ಯಾರೂ ಕೇಳಲಿಲ್ಲ, ಜೂನ್ ಬಂದಾಗ ಅರ್ಜಿ ಕೇಳಿದರು ಅಷ್ಟೇ. ಈಗ ಪಟ್ಟಿಯಲ್ಲಿ ಇರಲು ನಾನು ಲಾಯಕ್ಕಲ್ಲ, ಬೋರ್ಡಿನ ಮುಂದೆ ನಿಲ್ಲಲು ಲಾಯಕ್ಕು. ಇದು ಯಾವ ಲೆಕ್ಕ?

ಕಂಪ್ಯೂಟರಿನ ವಿಷಯದಲ್ಲಿ ಊರೆಲ್ಲ ಕೇಳಿದವಳು ಈ ಸಲ ಗಂಡನನ್ನು ಕೇಳಲಿಲ್ಲ, ಅತ್ತೆಯನ್ನು ಹೆಮ್ಮರಗಾಲಕ್ಕೆ ಕಳಿಸಲಿಲ್ಲ, ಅವ್ವನಿಗೆ ಫೋನು ಮಾಡಲಿಲ್ಲ.

“ಬರಲ್ಲ ಅಂತ ಹೇಳಪ್ಪ,” ಎಂದೆ. “ಯಾಕೆ ಎಲಿಜಿಬಲ್ ಅಲ್ಲ ಅನ್ನೋದನ್ನ ಬರವಣಿಗೇಲಿ ಕೊಡೋಕೆ ಹೇಳು.”

“ಕೊಡ್ತಾರೆ ಮೇಡಂ. ಆ ಲೆಟರ್ ನಾನೇ ಬರೀಬೇಕು,” ಎಂದ. ದನಿ ಚಿಕ್ಕದಾಗಿತ್ತು. “ತಪ್ಪಿದ್ರೆ ಬೈಬ್ಯಾಡಿ.”

ಬುಧವಾರ ಇಮೇಲಿನಲ್ಲಿ ಪತ್ರ ಬಂತು, ಒಂದೂವರೆ ಪುಟ. ಪ್ರಿಂಟ್ ತೆಗೆದು, ಅಭ್ಯಾಸಬಲ, ಕೆಂಪು ಪೆನ್ನು ಹಿಡಿದು ಕೂತೆ. ನಾನು ಕನ್ನಡ ಕಲಿಸಲು ಏಕೆ ಅರ್ಹಳಲ್ಲ ಎಂಬುದನ್ನು ಎಲ್ಲೂ ತೊಡಕಿಲ್ಲದೆ, ಒಂದಾದ ಮೇಲೊಂದು ಕಾರಣ ಕೊಟ್ಟು, ಎಲ್ಲೂ ಮರ್ಯಾದೆ ತಪ್ಪದಂತೆ ಬರೆದಿದ್ದ. ಎರಡು ಸಲ ಓದಿದೆ. ಎಲ್ಲಿಯೂ ಪೆನ್ನು ಊರಲು ಜಾಗ ಸಿಗಲಿಲ್ಲ.

ಆಡಳಿತ ಮಂಡಳಿಯವರೇ, ಇಂಥ ಕನ್ನಡವನ್ನು ಇವನಿಗೆ ಕಲಿಸಿದವರು ಯಾರು ಎಂದು ಒಂದು ಸಲ ವಿಚಾರಿಸುತ್ತೀರಾ?